ಕಂಡದ್ದರಲ್ಲಿ ಅರ್ಧ

ಲೆಟಿಯ ಎಣಿಕೆ ಈ ವರ್ಷ ತನ್ನ ಎಣಿಕೆಗೆ ಹೊಂದಿಕೊಂಡು ಬರುತ್ತಿದೆ ಎಂಬುದು ಓರಿಸ್ ಮ್ಯಾಪ್‌ಗೆ ಸಮಾಧಾನ ತರಬೇಕಿತ್ತು. ತಂದಿರಲಿಲ್ಲ. ಟೀಗಲ್ ತೊರೆಯ ಹಳೇ ಹಡಗುಕಟ್ಟೆಯ ದಕ್ಷಿಣದ ತುದಿಯಲ್ಲಿ ದುರ್ಬೀನಿನ ಮೂರು ಕಾಲುಗಳನ್ನು ಹಲಗೆಯ ಸಂದುಗಳಿಂದ ತಪ್ಪಿಸಿ ಊರುತ್ತ ಅವನು ಅದನ್ನೇ ಮೆಲುಕು ಹಾಕುತ್ತಿದ್ದ. ಏಪ್ರಿಲ್ ಕೊನೆಯಿಂದ ಇದು ನಾಲ್ಕನೆಯ ಎಣಿಕೆ. ಮೊದಲ ಸಲ ಅವನು ತೊಂಬತ್ತೆರಡು ಎಂದರೆ ಅವಳು ತೊಂಬತ್ತು. ಎರಡನೆಯ ಸಲ ನೂರ ನಲವತ್ತಕ್ಕೆ ನೂರ ನಲವತ್ತೈದು. ಕಳೆದ ವಾರವಂತೂ ಮೂರೇ ಹಕ್ಕಿಗಳ ವ್ಯತ್ಯಾಸ. ಹಿಂದಿನ ಎರಡು ವಸಂತಗಳಲ್ಲಿ ಅವಳ ಚೀಟಿಯಲ್ಲಿ ಅವನದರ ಎರಡರಷ್ಟು ಇರುತ್ತಿತ್ತು. ಇಪ್ಪತ್ತು ವರ್ಷ ಜೊತೆಗೆ ಕೂತು ಹಕ್ಕಿ ಎಣಿಸಿದವಳು ಇದ್ದಕ್ಕಿದ್ದ ಹಾಗೆ ಒಂದೊಂದನ್ನೂ ಎರಡು ಸಲ ಎಣಿಸತೊಡಗಿದರೆ ಅದರ ಅರ್ಥ ಏನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ, ಅದರಲ್ಲೂ ಅವಳ ತಾಯಿಯ ಕೊನೆಗಾಲ ಕಂಡವರಿಗೆ. ಈಗ ಸರಿಹೋಗಿದ್ದಾಳೆ. ಆದರೆ ಆ ಕಾಯಿಲೆ ಹಾಗೆ ಸರಿಹೋಗುವಂಥದಲ್ಲವಲ್ಲ. ಮಾಸಿಹೋದ ಬುದ್ಧಿ ಒಂದು ಚಳಿಗಾಲ ಕಳೆದ ಮೇಲೆ ತಾನಾಗಿ ವಾಪಸು ಬಂದದ್ದನ್ನು ಅವನು ಎಲ್ಲೂ ಕೇಳಿರಲಿಲ್ಲ.

ಕಟ್ಟೆಯ ಉತ್ತರದ ತುದಿಯಲ್ಲಿ, ನಲವತ್ತು ಹೆಜ್ಜೆ ದೂರದಲ್ಲಿ, ಲೆಟಿ ಡೌಟಿ ತನ್ನ ಮಡಿಸುವ ಕುರ್ಚಿಯನ್ನು ಬಿಡಿಸಿ, ಹುಲ್ಲಿನ ಟೋಪಿಯ ದಾರವನ್ನು ಗದ್ದದ ಕೆಳಗೆ ಬಿಗಿದು ಕೂತಿದ್ದಳು. ಅಷ್ಟು ದೂರ ಕೂರುವುದು ಹಕ್ಕಿ ಕಚೇರಿಯವರ ನಿಯಮ. ಇಬ್ಬರು ಎಣಿಸಬೇಕು, ಒಬ್ಬರ ಸಂಖ್ಯೆ ಇನ್ನೊಬ್ಬರ ಕಿವಿಗೆ ಬೀಳಬಾರದು, ಭರತದ ನೀರು ಏರಿ ಕೆಸರುದಿಣ್ಣೆ ಮುಳುಗಿದ ಮೇಲಷ್ಟೇ ಚೀಟಿಗಳು ಒಂದಾಗಬೇಕು. ಒಂದಾದ ಚೀಟಿಗಳನ್ನು ನೋಡಿ ದೊಡ್ಡ ಹಾಳೆಗೆ ಇಳಿಸಿ ಅಂಚೆಗೆ ಹಾಕುವ ಕೆಲಸ ಮೊದಲಿನಿಂದಲೂ ಓರಿಸನದು. ಮೂವತ್ತನಾಲ್ಕು ವರ್ಷ ಈ ಹಳ್ಳಿಗಳಿಗೆ ಟಪಾಲು ಹಂಚಿದವನು, ಅಕ್ಷರ ಮುತ್ತಿನಂಥದ್ದು, ಇನ್ಯಾರಿಗೆ ಕೊಡುತ್ತಾರೆ?

"ಓರಿಸ್! ನಿನ್ನ ಕಡೆ ನೊರಜು ಹೇಗಿದೆ?" ಲೆಟಿ ಕೂಗಿದಳು. ಸಂಖ್ಯೆ ಬಿಟ್ಟು ಬೇರೇನನ್ನಾದರೂ ಕೂಗಬಹುದಿತ್ತು.

"ಮುಖ ಪೂರ್ತಿ ಮುತ್ತಿಕೊಂಡಿವೆ!"

"ಇರ್ಲಿ ಬಿಡು. ನಿನ್ನ ಮುಖಾನ ಅಷ್ಟು ಪ್ರೀತಿಯಿಂದ ಮುತ್ತಿಕೊಳ್ಳೋರು ಇನ್ಯಾರಿದಾರೆ!"

ಅವಳ ನಗು ನೀರಿನ ಮೇಲೆ ಜಾರಿಕೊಂಡು ಬಂತು. ಇಂಥ ಮಾತಿಗೆ ತಕ್ಕ ಉತ್ತರ ಅವನಿಗೆ ಮನೆಗೆ ಹೋಗಿ ಬೂಟು ಬಿಚ್ಚುವಾಗ ಹೊಳೆಯುತ್ತದೆ, ಆಗ ಕೇಳುವವರು ಇರುವುದಿಲ್ಲ. ಅವನು ಬಲಗಣ್ಣನ್ನು ದುರ್ಬೀನಿಗೆ ಒತ್ತಿ, ಎಡಗಣ್ಣು ಮುಚ್ಚಿದ. ಚಿಕ್ಕಂದಿನಲ್ಲಿ ಅಪ್ಪ ಬಾತುಕೋಳಿಯ ಬೇಟೆಗೆ ಕರೆದುಕೊಂಡು ಹೋಗಿ ಕೋವಿ ಕೈಗೆ ಕೊಟ್ಟಾಗಿನಿಂದ ಗುರಿ ನೋಡುವ ಕಣ್ಣು ಬಲಗಣ್ಣೇ. ಎಡಗಣ್ಣು ಬರೀ ಜೊತೆಗೆ ಬಂದ ನೆಂಟ. ಎದುರಿಗೆ ತೊರೆಯ ಆಚೆ ದಡದ ಕೆಸರುದಿಣ್ಣೆ, ಅದರ ಹಿಂದೆ ಮೈಲುಗಟ್ಟಲೆ ಉಪ್ಪುಜೊಂಡು, ಜೊಂಡಿನಾಚೆ ಕಡಲ ದ್ವೀಪಗಳ ನೀಲಿ ಗೆರೆ. ಮೇ ತಿಂಗಳ ಸುಮಾರಿಗೆ ಈ ದಿಣ್ಣೆಗೆ ಬಾಗುಕೊಕ್ಕಿನ ಗೊರವಗಳು ಬರುತ್ತವೆ. ದಕ್ಷಿಣದ ದೂರದ ತೀರಗಳಿಂದ ಬಂದು, ಕೆಸರಿನ ಬಿಲಗಳಿಂದ ಪುಟ್ಟ ಏಡಿಗಳನ್ನು ಎಳೆದು ತಿಂದು ಮೈತುಂಬಿಕೊಂಡು, ತಿಂಗಳ ಕೊನೆಯ ಹೊತ್ತಿಗೆ ಒಂದು ಸಂಜೆ ಎದ್ದು ಉತ್ತರದ ಹಿಮದ ಕಡೆ ಹೋಗಿಬಿಡುತ್ತವೆ. ಕೆಸರಿನದೇ ಕಂದು ಬಣ್ಣ ಅವಕ್ಕೆ. ನಿಂತಲ್ಲೇ ನಿಂತರೆ ಹಕ್ಕಿಯೋ ಹೆಂಟೆಯೋ ಗೊತ್ತಾಗುವುದಿಲ್ಲ. ಅವನು ಬಲಗಡೆಯಿಂದ ಶುರುಮಾಡಿ ಐದೈದಾಗಿ ಎಣಿಸುತ್ತ ಬಂದ. ನಡುವೆ ಬಿಸಿಲಿನ ನಡುಕ. ಎರಡು ವರ್ಷದಿಂದ ಈ ಬಿಸಿಲಿನ ನಡುಕ ಹೆಚ್ಚಾಗಿದೆ, ಗಾಜು ಒರೆಸಿದರೂ ಹೋಗುವುದಿಲ್ಲ. ತೊರೆಯಲ್ಲಿ ಚಿಪ್ಪುಮೀನಿನ ಪಾತಿ ಮಾಡಿಕೊಂಡಿರುವ ವೆಂಡೆಲ್‌ಗೆ ಹೋದ ತಿಂಗಳು ಅಂಗಡಿಯ ಮುಂದೆ, "ನಿನ್ನ ಪಾತಿಯ ಗೂಟಗಳೆಲ್ಲ ಗಾಳಿಗೆ ಬಾಗಿವೆ, ನೋಡ್ಕೋ" ಎಂದು ಉಪಕಾರದ ಮಾತು ಹೇಳಿದ್ದ. ವೆಂಡೆಲ್ ಅವನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿ, "ನೆಟ್ಟಗೇ ಇದಾವೆ ಮಿಸ್ಟರ್ ಓರಿಸ್, ಬೆಳಿಗ್ಗೆ ತಾನೆ ಕಟ್ಟಿ ಬಂದೆ" ಎಂದು ಮರ್ಯಾದೆಯಿಂದಲೇ ಹೇಳಿದ್ದ. ಆ ಮರ್ಯಾದೆ ಇವತ್ತಿಗೂ ಹಲ್ಲಿನ ಸಂದಿನ ನಾರಿನ ಹಾಗೆ ಸಿಕ್ಕಿಕೊಂಡಿತ್ತು. ನೂರ ಅರವತ್ತೈದು, ನೂರ ಎಪ್ಪತ್ತು. ನೂರ ಎಪ್ಪತ್ತಾರು. ಅವನು ಚೀಟಿಯಲ್ಲಿ ಬರೆದ.

ಆಗ ನೊರಜೊಂದು ಅವನ ಬಲಗಣ್ಣಿಗೆ ನೇರವಾಗಿ ಹೊಕ್ಕಿತು.

ಉಜ್ಜಿದ, ಉರಿ ಹೆಚ್ಚಾಯಿತು, ನೀರು ಸುರಿಯಿತು. ಕರವಸ್ತ್ರದ ತುದಿಯಿಂದ ಅದನ್ನು ತೆಗೆದ ಮೇಲೂ ಕಣ್ಣು ಬಿಡಲಾಗಲಿಲ್ಲ. ಭರತ ಆಗಲೇ ದಿಣ್ಣೆಯ ಅಂಚನ್ನು ನೆಕ್ಕುತ್ತಿತ್ತು, ಎರಡನೆಯ ಸುತ್ತಿನ ಎಣಿಕೆಗೆ ಹೊತ್ತಾಗುತ್ತಿತ್ತು. ವಿಧಿಯಿಲ್ಲದೆ ಎಡಗಣ್ಣನ್ನು ದುರ್ಬೀನಿಗೆ ಇಟ್ಟ. ಮುಖವನ್ನು ಹಾಗೆ ತಿರುಚಿ ನಿಲ್ಲುವುದು ಬೇರೆಯವರ ಅಂಗಿ ತೊಟ್ಟ ಹಾಗೆ ಅನ್ನಿಸಿತು. ದಿಣ್ಣೆಯ ಮೇಲೆ ಹಕ್ಕಿಗಳು ಕಿಕ್ಕಿರಿದಿದ್ದವು. ಈಗಷ್ಟೇ ಬಂದಿಳಿದವೇನೋ ಎಂದುಕೊಂಡ. ಆದರೆ ಸದ್ದಿಲ್ಲದೆ, ಒಂದು ನೆರಳೂ ನೀರಿನ ಮೇಲೆ ಸುಳಿಯದೆ ಇನ್ನೂರು ಹಕ್ಕಿ ಇಳಿಯುವುದು ಹೇಗೆ? ಇಳಿದ ಹಕ್ಕಿ ರೆಕ್ಕೆ ಸರಿಮಾಡಿಕೊಳ್ಳುತ್ತದೆ, ಪಕ್ಕದ್ದರ ಜೊತೆ ಜಗಳ ತೆಗೆಯುತ್ತದೆ. ಇವು ಹಾಗಲ್ಲ. ಬೆಳಗಿನಿಂದ ಅಲ್ಲೇ ಇದ್ದವರ ಗತ್ತಿನಲ್ಲಿ, ಕೆಲವು ಕೊಕ್ಕನ್ನು ಬೆನ್ನ ಗರಿಯೊಳಗೆ ಹುದುಗಿಸಿ ನಿದ್ದೆ ಹೋಗಿದ್ದವು. ವೆಂಡೆಲ್‌ನ ಗೂಟಗಳು ಒಂದರ ಹಿಂದೊಂದು, ದಾರ ಹಿಡಿದು ನೆಟ್ಟ ಹಾಗೆ, ನೆಟ್ಟಗಿದ್ದವು.

ಬಲಗಣ್ಣಿನ ಉರಿ ಇಳಿಯುವವರೆಗೆ ಕಾದ. ಆಮೇಲೆ ಆ ಕಣ್ಣನ್ನು ಇಟ್ಟ. ಕೆಸರು. ಎಡಗಣ್ಣು. ಹಕ್ಕಿಗಳು. ಬಲಗಣ್ಣು. ಕೆಸರು. ಮಧ್ಯದಲ್ಲಿ ಕಪ್ಪು ಚುಕ್ಕೆಯಿಲ್ಲ, ತೂತಿಲ್ಲ, ಮಬ್ಬೂ ಇಲ್ಲವೆನ್ನುವಷ್ಟು ಕಡಿಮೆ. ಒಳ್ಳೆಯ, ಒದ್ದೆಯಾದ, ಹೊಳೆಯುವ ಕೆಸರು, ಬರೀ ಕೆಸರು. ಆಶ್ಚರ್ಯವೆಂದರೆ ಅವನಿಗೆ ಮೊದಲು ಭಯವಾಗಲಿಲ್ಲ, ಭಯ ಆಮೇಲೆ ಬಂತು. ಮೊದಲು ಬಂದದ್ದು ಟಪಾಲಿನ ದಿನಗಳಲ್ಲಿ ವಿಳಾಸವೇ ಇಲ್ಲದ ಕವರು ಕೈಗೆ ಸಿಕ್ಕಾಗ ಬರುತ್ತಿದ್ದಂಥ ಒಂದು ಕುತೂಹಲ: ಇದು ಎಲ್ಲಿಂದ ಬಂತು, ಯಾರು ಕಳಿಸಿದರು? ಕಾಣದ ಜಾಗದಲ್ಲಿ ಈ ಕೆಸರನ್ನು ಬಳಿಯುತ್ತಿರುವವರು ಯಾರು? ದಿಣ್ಣೆಯಿಂದ ದುರ್ಬೀನನ್ನು ಸರಿಸಿ ತೊರೆಯ ನಡುವಿನ ಕಂಬಕ್ಕೆ ತಿರುಗಿಸಿದ. ಕಂಬದ ತುದಿಯಲ್ಲಿ ಕಡ್ಡಿಯ ಅಟ್ಟಣೆ ಕಟ್ಟಿದ ಮೀನುಡೇಗೆ ಎರಡು ವಾರದಿಂದ ಕಾವಿಗೆ ಕೂತಿದೆಯೆಂದು ಲೆಟಿ ಹೇಳಿದ್ದಳು. ಬಲಗಣ್ಣಿಗೆ ಗೂಡು ಖಾಲಿ. ಗೂಡಿನ ಮೇಲೆ ಆಕಾಶ, ತಿಳಿ ನೀಲಿ, ಒಂದು ಮೋಡದ ಚೂರನ್ನೂ ಸೇರಿಸಿ ಚೊಕ್ಕವಾಗಿ ಮುಗಿಸಿದ ಆಕಾಶ. ನೋಟವನ್ನು ಕೊಂಚ ಎಡಕ್ಕೆ, ನೀರಿನ ಕಡೆ ಸರಿಸಿದರೆ ಗೂಡಿನ ಅಂಚಿನಿಂದ ಡೇಗೆಯ ಬಿಳಿ ತಲೆ ಎದ್ದು ಬರುತ್ತಿತ್ತು. ನೇರವಾಗಿ ನೋಡಿದೊಡನೆ ಮುಳುಗುತ್ತಿತ್ತು. ನೋಡದೆ ಇದ್ದರೆ ಕಾಣುತ್ತದೆ, ನೋಡಿದರೆ ಇಲ್ಲ. ನಾಲ್ಕು ಸಲ, ಐದು ಸಲ ಮಾಡಿ ನೋಡಿದ. ಕೆಸರಿನ ಮೇಲೆ ಕೆಸರು, ಆಕಾಶದ ಮೇಲೆ ಆಕಾಶ. ಹರಿದ ಕಡೆ ಅದೇ ಬಣ್ಣದ ಬಟ್ಟೆ ಹುಡುಕಿ ತೇಪೆ ಹಾಕುವ ಜಾಣ ದರ್ಜಿಯೊಬ್ಬ ತನ್ನ ತಲೆಯೊಳಗೆ ಕೂತು ಎರಡು ವರ್ಷದಿಂದ ಸಂಬಳವಿಲ್ಲದೆ ದುಡಿಯುತ್ತಿದ್ದಾನೆ. ಅವನು ಹರುಕನ್ನೇ ತೋರಿಸಿದ್ದರೆ ಎಷ್ಟೋ ವಾಸಿಯಿತ್ತು.

ಎರಡು ವರ್ಷ.

ಹಾಗಾದರೆ ಮುನ್ನೂರ ಹತ್ತು ನಿಜ. ಕಳೆದ ವರ್ಷದ ಮೇ ಹನ್ನೆರಡು. ಲೆಟಿಯ ಚೀಟಿಯಲ್ಲಿ ಅವಳ ದುಂಡಗಿನ ದೊಡ್ಡ ಅಂಕಿಗಳಲ್ಲಿ ಮುನ್ನೂರ ಹತ್ತು. ತನ್ನದರಲ್ಲಿ ನೂರ ಐವತ್ತು. ರಾತ್ರಿಯ ಊಟವಾದ ಮೇಲೆ ಹಾಳೆಗೆ ಇಳಿಸಲು ಕೂತವನು ಪೆನ್ಸಿಲು ಕಚ್ಚಿಕೊಂಡು ಸುಮಾರು ಹೊತ್ತು ಯೋಚಿಸಿದ್ದ. ಇದು ಹೀಗೇ ಹೋದರೆ ಕಚೇರಿಯವರು ಕೇಳುತ್ತಾರೆ, ಪತ್ರ ಬರೆಯುತ್ತಾರೆ, ಯಾರೋ ಒಬ್ಬರು ಬಂದು ಲೆಟಿಯನ್ನು ಮಾತನಾಡಿಸಿ, ನಯವಾಗಿ, ಮರ್ಯಾದೆಯಿಂದ, ಇನ್ನು ಮನೆಯಲ್ಲಿ ಆರಾಮಾಗಿರಿ ಮಿಸ್ ಲೆಟಿ ಎನ್ನುತ್ತಾರೆ. ಅವನು ಅವಳ ಹೆಸರಿನ ಕೆಳಗೆ ನೂರ ಅರವತ್ತು ಎಂದು ಬರೆದ. ತನ್ನದಕ್ಕಿಂತ ಹತ್ತು ಹೆಚ್ಚೇ ಕೊಟ್ಟೆನೆಂಬ ಧಾರಾಳತನ ಬೇರೆ. ಆ ವಸಂತದ ಎಲ್ಲ ಚೀಟಿಗಳಿಗೂ ಹಾಗೇ ಮಾಡಿದ. ಅದರ ಹಿಂದಿನ ವರ್ಷದವಕ್ಕೂ ಮಾಡಿದ್ದ.

ಸುಳ್ಳು ಹೇಳುವುದರಲ್ಲಿ ಒಂದು ಕೈಗುಣವಿದೆ ಎಂದು ಅವನಿಗೆ ಕಲಿಸಿದವಳು ಲೆಟಿಯ ತಾಯಿ. ಆರ್ಡೀಲಿಯಾ ಮುದುಕಿ ಕೊನೆಯ ನಾಲ್ಕು ವರ್ಷ ರಸ್ತೆಯಂಚಿನ ಟಪಾಲು ಡಬ್ಬಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಸತ್ತು ಎಷ್ಟೋ ಕಾಲವಾಗಿದ್ದ ತಂಗಿಯ ಕಾಗದ ಬರಬೇಕಿತ್ತು ಅವಳಿಗೆ. "ಇವತ್ತು ಬಂತೇನಪ್ಪ?" ಎನ್ನುವಳು. "ಇವತ್ತಿಲ್ಲ ತಾಯಿ, ನಾಳೆ ಖಂಡಿತ" ಎನ್ನುವನು ಅವನು. ದಿನಾ ಅದೇ ದನಿ, ಅದೇ ನಗು. ಅವಳು ತೃಪ್ತಿಯಿಂದ ತಲೆಯಾಡಿಸುವಳು. ಮಣ್ಣು ಮಾಡಿ ಬಂದ ದಿನ ಚರ್ಚಿನ ಹಿಂದಿನ ಅಂಗಳದಲ್ಲಿ ಲೆಟಿ ಅವನ ಕೈ ಹಿಡಿದುಕೊಂಡು, "ನಮ್ಮಮ್ಮಂಗೆ ನಿನ್ನಷ್ಟು ಚೆನ್ನಾಗಿ ಸುಳ್ಳು ಹೇಳಿದೋರು ಯಾರೂ ಇಲ್ಲ ಕಣೋ" ಎಂದಿದ್ದಳು. ಅದನ್ನು ಅವನು ಒಂದು ಪದಕದ ಹಾಗೆ ಕಾಪಾಡಿಕೊಂಡಿದ್ದ. ಕಳೆದ ಆಗಸ್ಟಿನಲ್ಲಿ ಅಚ್ಚಾದ ವರದಿ ಬಂದಾಗ ಲೆಟಿ ತನ್ನ ಅಡುಗೆಮನೆಯಲ್ಲಿ ಟೊಮೆಟೊ ಸಿಪ್ಪೆ ತೆಗೆಯುತ್ತಿದ್ದಳು, ಒದ್ದೆ ಬೆರಳನ್ನು ಸಾಲಿನ ಮೇಲಿಟ್ಟು, "ಓರಿಸ್, ಇಲ್ನೋಡು. ಹನ್ನೆರಡನೇ ತಾರೀಕು ನನ್ನ ಹೆಸರಿನ ಕೆಳಗೆ ನೂರ ಅರವತ್ತು ಅಂತಿದೆ. ನಾನು ಮುನ್ನೂರ ಹತ್ತು ಬರ್ದಿರ್ಲಿಲ್ವಾ?" ಎಂದಳು. ಅವನು ಲೋಟದಿಂದ ತಣ್ಣಗಿನ ಚಹಾ ಕುಡಿದು, ಆ ದನಿಯಲ್ಲೇ, ಟಪಾಲು ಡಬ್ಬಿಯ ಪಕ್ಕದ ಅದೇ ದನಿಯಲ್ಲೇ, "ಇಲ್ಲ ಲೆಟಿ. ನೂರ ಅರವತ್ತೇ. ನಿನ್ನ ಚೀಟಿ ನೋಡಿಕೊಂಡೇ ಇಳಿಸಿದೋನು ನಾನು" ಎಂದ. ಅವಳು ವಾದಿಸಲಿಲ್ಲ. ಆ ದನಿ ಅವಳಿಗೆ ಗೊತ್ತಿತ್ತೇ? ನಾಲ್ಕು ವರ್ಷ ಕಿಟಕಿಯಿಂದ ಅದನ್ನು ಕೇಳಿಸಿಕೊಂಡವಳಿಗೆ ಅದು ಯಾರ ಜೊತೆ ಆಡುವ ದನಿ ಎಂದು ಗೊತ್ತಿರದೆ ಇರುತ್ತದೆಯೇ? ಹಾಳೆಯನ್ನು ತಟ್ಟೆಯ ಕೆಳಗಿಟ್ಟು, ಸಿಪ್ಪೆ ತೆಗೆದ ಟೊಮೆಟೊವನ್ನೇ ಮತ್ತೆ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಚಳಿಗಾಲದ ಹೊತ್ತಿಗೆ ಅವಳ ಒಲೆಯ ಮೇಲೆ, ಹಿಂಬಾಗಿಲ ಮೇಲೆ, ಔಷಧಿ ಡಬ್ಬಿಯ ಮೇಲೆ ಪುಟ್ಟ ಚೀಟಿಗಳು ಅಂಟಿಕೊಂಡಿದ್ದವು: ಆರಿಸಿದೆಯಾ? ಹಾಕಿದೆಯಾ? ನುಂಗಿದೆಯಾ? ಅವನು ಅವನ್ನು ನೋಡಿ ಅಯ್ಯೋ ಎಂದುಕೊಂಡಿದ್ದ. ತಾನು ಮಾಡಿದ್ದು ಸರಿಯೇ ಎಂಬುದಕ್ಕೆ ಇನ್ನೊಂದು ಸಾಕ್ಷಿ ಎಂದುಕೊಂಡಿದ್ದ.

ಎಡಗಣ್ಣಿನಿಂದ, ಆ ಒಗ್ಗದ ಭಂಗಿಯಲ್ಲಿ ಕತ್ತು ನೋಯಿಸಿಕೊಂಡು, ಅವನು ಮೊದಲಿನಿಂದ ಎಣಿಸಿದ. ಮುನ್ನೂರ ಎಪ್ಪತ್ತೊಂದು. ಇನ್ನೊಮ್ಮೆ ಎಣಿಸಿದ. ಮುನ್ನೂರ ಅರವತ್ತೊಂಬತ್ತು. ಚೀಟಿಯಲ್ಲಿದ್ದ ನೂರ ಎಪ್ಪತ್ತಾರನ್ನು ಹೊಡೆದುಹಾಕಲು ಪೆನ್ಸಿಲು ಎತ್ತಿದವನು ಸುಮ್ಮನೆ ನಿಂತ. ಹಾಗಿದ್ದರೆ ಈ ವರ್ಷ ಅವಳ ಎಣಿಕೆ ಸರಿಹೋದದ್ದು ಹೇಗೆ?

ಆ ಪ್ರಶ್ನೆ ಪೂರ್ತಿಯಾಗುವ ಮೊದಲೇ ಜೊಂಡಿನ ಮೇಲಿನ ಗಾಳಿ ಬಿಗಿಯಿತು. ಮೊದಲು ಸುಮ್ಮನಾದದ್ದು ಕಡಲಹಕ್ಕಿಗಳ ಗಲಾಟೆ. ಜೊಂಡಿನ ತುದಿಗಳಿಗೆ ಹೊಟ್ಟೆ ತಾಗಿಸಿಕೊಂಡು ತೇಲುತ್ತಿದ್ದ ಸೆಳೆವ ಹದ್ದೊಂದು ಥಟ್ಟನೆ ಕೆಳಗೆ ಕೂತಿತು. ದ್ವೀಪದ ಹಳೇ ಗೋಪುರದ ದಿಕ್ಕಿನಿಂದ ದೊಡ್ಡ ಚಾಣ ಬಂತು. ಅವಸರವಿಲ್ಲದೆ, ತೋಳು ಬೀಸಿ ಬೀಸಿ ಕೆಲಸಕ್ಕೆ ಹೊರಟವನ ಹಾಗೆ. ಓರಿಸ್ ಬೇಕೆಂದೇ ಬಲಗಣ್ಣನ್ನು ದುರ್ಬೀನಿಗೆ ಇಟ್ಟ, ಆ ಖಾಲಿ ಕೆಸರನ್ನು ನೋಡುತ್ತ ನಿಂತ. ಕೆಸರು ಎದ್ದಿತು. ಹಾಗೆಂದೇ ಅವನಿಗೆ ಕಂಡದ್ದು: ದಿಣ್ಣೆಯೇ ತನ್ನ ಸಿಪ್ಪೆಯನ್ನು ಕೊಡವಿಕೊಂಡು ಗಾಳಿಗೆದ್ದಿತು, ಗಾಳಿಯಲ್ಲಿ ತುಂಡುತುಂಡಾಯಿತು, ತುಂಡುಗಳಿಗೆಲ್ಲ ರೆಕ್ಕೆ, ಬಾಗಿದ ಕೊಕ್ಕು, ಏಳೇಳು ಸ್ವರದ ಚೀರಾಟ. ನಿಂತಾಗ ಇಲ್ಲದ್ದು ಹಾರಿದಾಗ ಇತ್ತು. ನೂರಾರು ಹಕ್ಕಿಗಳು ಒಂದೇ ಮೈಯಾಗಿ ಎಡಕ್ಕೆ ಹೊರಳಿದವು, ಬೆಳಕಿಗೆ ಮಸುಕಾದವು, ಬಲಕ್ಕೆ ಹೊರಳಿ ಕಪ್ಪಾದವು. ಚಾಣ ಆ ಮೈಯೊಳಗೆ ಒಮ್ಮೆ ತೂರಿ, ಬೇಟೆ ಸಿಗದೆ ಬರಿಗಾಲಲ್ಲಿ ಹೊರಬಂದು, ನಾಚಿಕೆಯೇನೂ ಇಲ್ಲದೆ ಕಡಲ ಕಡೆ ಹೋಯಿತು. ಹಕ್ಕಿಗಳು ಇಳಿದವು. ಇಳಿದು, ರೆಕ್ಕೆ ಮಡಿಸಿ, ನಿಶ್ಚಲವಾದವು. ಅವನ ಬಲಗಣ್ಣಿನಲ್ಲಿ ಒಂದೊಂದಾಗಿ ಕೆಸರಾದವು. ಈ ಕಣ್ಣಿಗೆ ಇನ್ನು ಮುಂದೆ ಭಯಪಟ್ಟದ್ದು ಮಾತ್ರ ಕಾಣುತ್ತದೆ, ಎಂದುಕೊಂಡ. ಅದು ತನಗೆ ಇಷ್ಟು ಸುಂದರವಾಗಿ ಕಂಡಿತಲ್ಲ ಎಂಬುದಕ್ಕೆ ನಾಚಿದ.

ದಿಣ್ಣೆ ಮುಳುಗಿದಾಗ ಸೂರ್ಯ ಹಿಂದಿನ ಪೈನ್ ಮರಗಳ ತಲೆಗೆ ಬಂದಿದ್ದ. ಹಕ್ಕಿಗಳು ಎದ್ದು ಜೊಂಡಿನ ಎತ್ತರದ ಹುಲ್ಲಿನಲ್ಲಿ ಕೂತವು. ಅವನು ನಲವತ್ತು ಹೆಜ್ಜೆ ನಡೆದು ಹೋದ. ಲೆಟಿ ಸಿಹಿಗೆಣಸಿನ ಬಿಸ್ಕತ್ತಿನ ಡಬ್ಬಿ ತೆರೆದು ತೊಡೆಯ ಮೇಲಿಟ್ಟುಕೊಂಡಿದ್ದಳು.

"ತಪ್ಪಿಸಿಕೊಂಡ್ವು ಎಲ್ಲ. ಆ ಚಾಣಕ್ಕೆ ಇವತ್ತು ಉಪವಾಸ" ಎಂದಳು. "ಏನೋ ಕಣ್ಣು ಕೆಂಪಗಿದೆ?"

"ನೊರಜು. ನಿನ್ನ ಚೀಟಿ ಕೊಡು."

ನೂರ ಎಂಬತ್ತನಾಲ್ಕು. ದುಂಡಗಿನ ದೊಡ್ಡ ಅಂಕಿಗಳು.

"ಲೆಟಿ, ಎಷ್ಟು ಕಂಡೆ?"

"ಬರ್ದಿದೀನಲ್ಲ."

"ಬರ್ದದ್ದಲ್ಲ. ಕಂಡದ್ದು."

ಅವಳು ಬಿಸ್ಕತ್ತಿನ ಪುಡಿಯನ್ನು ಲಂಗದಿಂದ ಕೊಡವಿದಳು. ಕೊಡವಿ ಮುಗಿದ ಮೇಲೂ ಕೊಡವುತ್ತಿದ್ದಳು. "ಕಂಡದ್ದನ್ನ ಕೇಳಬೇಡ. ಕಂಡದ್ದರಲ್ಲಿ ಅರ್ಧ ಬರೀತೀನಿ ಈ ವರ್ಷ. ಒಂದೊಂದನ್ನೂ ಎರಡು ಸಲ ಎಣಿಸೋ ರೋಗ ತಾನೆ ನಂದು? ಅರ್ಧ ಮಾಡಿದ್ರೆ ನಿನ್ನದಕ್ಕೆ ಸರಿಯಾಗಿ ಕೂರುತ್ತೆ. ಎಷ್ಟು ಸರಿಯಾಗಿ ಕೂರುತ್ತೆ ನೋಡಿದೆಯಾ? ಅದರಿಂದಲೇ ಖಾತ್ರಿಯಾಯ್ತು ನಂಗೆ." ಆಮೇಲೆ ತಲೆಯೆತ್ತದೆ, "ಈ ಸಲದ್ದೇ ಕೊನೆ, ಓರಿಸ್. ನಿಂಗೆ ಹೇಳೋಣ ಅಂತಿದ್ದೆ. ಮುಂದಿನ ವರ್ಷ ಬೇರೆ ಯಾರನ್ನಾದ್ರೂ ಹುಡುಕ್ಕೋ" ಎಂದಳು.

ಅವನು ಹಲಗೆಯ ಮೇಲೆ, ಅವಳ ಕುರ್ಚಿಯ ಮುಂದೆ, ಮೊಣಕಾಲು ಹಿಡಿದುಕೊಂಡು ಕೂತ. ಹೇಗೆ ಶುರುಮಾಡಬೇಕೆಂದು ತಿಳಿಯಲಿಲ್ಲ. ಮೊದಲು ಕಣ್ಣಿನ ವಿಷಯ ಹೇಳಿದರೆ ಅವಳಿಗೆ ಕನಿಕರ ಬರುತ್ತದೆ, ಕನಿಕರದ ಬೆನ್ನಿಗೆ ತನ್ನ ತಪ್ಪು ನುಸುಳಿ ದಾಟಿಬಿಡುತ್ತದೆ. ಆ ದಾರಿ ಅವನಿಗೆ ಚೆನ್ನಾಗಿ ಕಂಡಿತು. ಅದನ್ನು ಬಿಟ್ಟ.

"ಹೋದ ವರ್ಷ ಹನ್ನೆರಡನೇ ತಾರೀಕು ನೀನು ಬರ್ದದ್ದು ಮುನ್ನೂರ ಹತ್ತು. ನೂರ ಅರವತ್ತು ಅಂತ ಬದಲಾಯಿಸಿದ್ದು ನಾನು. ಕೇಳಿದಾಗ ಸುಳ್ಳು ಹೇಳಿದೆ."

ನೀರು ಕಂಬಗಳ ಸುತ್ತ ಏರುವ ಸದ್ದು ಕೇಳುತ್ತಿತ್ತು.

"ಅದೊಂದೇನಾ?"

"ಎಲ್ಲಾನೂ. ಎರಡು ವರ್ಷದ್ದೂ. ನಿಂಗೆ ನಿಮ್ಮಮ್ಮನ ಹಾಗೆ ಆಗ್ತಿದೆ ಅಂದ್ಕೊಂಡೆ. ಕಾಪಾಡ್ತಿದೀನಿ ಅಂದ್ಕೊಂಡೆ." ಆಮೇಲೆ, ಇನ್ನು ಹೇಳಬಹುದೆನ್ನಿಸಿ, "ಕಾಣದೆ ಇದ್ದದ್ದು ನಂಗೆ, ಲೆಟಿ. ಬಲಗಣ್ಣು ಹೋಗಿದೆ. ಇವತ್ತು ಗೊತ್ತಾಯ್ತು. ಮುನ್ನೂರ ಎಪ್ಪತ್ತಿವೆ ಅಲ್ಲಿ."

"ಮುನ್ನೂರ ಅರವತ್ತೆಂಟು" ಎಂದಳು ಅವಳು ತಟ್ಟನೆ. ಹಾಗೆಂದದ್ದೇ ಅವಳ ಮುಖ ಕೆಂಪಾಯಿತು. ಎದ್ದು ನಿಂತಳು, ಡಬ್ಬಿ ಹಲಗೆಯ ಮೇಲೆ ಬಿದ್ದು ಬಿಸ್ಕತ್ತುಗಳು ಉರುಳಿದವು.

"ನಾರ್ಫೋಕ್‌ಗೆ ಹೋಗಿದ್ದೆ ಕಣೋ ಜನವರಿಯಲ್ಲಿ. ಒಬ್ಬಳೇ, ಯಾರಿಗೂ ಹೇಳದೆ, ಬಸ್ಸಲ್ಲಿ. ದೊಡ್ಡ ಡಾಕ್ಟರು. ಗಡಿಯಾರದ ಚಿತ್ರ ಬಿಡಿಸು ಅಂದ್ರು, ಬಿಡಿಸಿದೆ. ನೂರರಿಂದ ಏಳೇಳು ಕಳೀತಾ ಬಾ ಅಂದ್ರು. ಎರಡಕ್ಕೆ ಬಂದು ನಿಂತು, ಇನ್ನೂ ಕಳೀಬೇಕಾ ಅಂದೆ. ಏನೂ ಆಗಿಲ್ಲಮ್ಮ ನಿಮಗೆ, ಹೋಗಿ ಅಂದ್ರು. ನಾನೇನು ಮಾಡಿದೆ ಗೊತ್ತಾ? ಡಾಕ್ಟರಿಗೆ ಗೊತ್ತಾಗಿಲ್ಲ ಅಂದ್ಕೊಂಡು ಬಂದೆ. ಡಾಕ್ಟರ ಮಾತು ನಂಬಲಿಲ್ಲ, ನಿನ್ನ ಮಾತು ನಂಬಿದೆ. ನನ್ನ ತಂಗಿ ಮಗಳು ಕೂಸನ್ನ ಒಂದು ತಿಂಗಳು ನೋಡ್ಕೋ ದೊಡ್ಡಮ್ಮ ಅಂತ ಕೈ ಹಿಡ್ಕೊಂಡ್ಲು. ಆಗಲ್ಲ ಅಂದೆ. ಒಲೆ ಮೇಲೆ ಹಾಲಿಟ್ಟು ಮರೆತು ಕೂಸನ್ನ ಸುಟ್ಟುಬಿಟ್ರೆ ಅಂತ. ಅವಳು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ. ನಂಗೆ ಕೂಸು ಬೇಡವಾಯ್ತು ಅಂದ್ಕೊಂಡಿದಾಳೆ."

ಅವನು ಕೇಳಿಸಿಕೊಂಡ. ಕ್ಷಮಿಸು ಎಂಬ ಮಾತು ಬಾಯಿಯವರೆಗೆ ಬಂದು, ಅದು ಯಾವ ದನಿಯಲ್ಲಿ ಹೊರಬೀಳುತ್ತದೋ ಎಂಬ ಹೆದರಿಕೆಯಿಂದ ಅಲ್ಲೇ ನಿಂತಿತು. ತನ್ನ ದನಿಯ ಮೇಲೇ ಅವನಿಗೆ ನಂಬಿಕೆ ಹೋಗಿತ್ತು.

ಲೆಟಿ ಕಟ್ಟೆಯ ಉದ್ದಕ್ಕೂ ನಡೆದು ಹೋದಳು. ಹೊರಟೇ ಹೋದಳು ಎಂದುಕೊಂಡ. ದಕ್ಷಿಣದ ತುದಿಯಲ್ಲಿ ಅವನ ದುರ್ಬೀನಿನ ಮುಂದೆ ನಿಂತು, ಒಂದು ಕಣ್ಣು, ಇನ್ನೊಂದು ಕಣ್ಣು ಇಟ್ಟು ನೋಡುತ್ತಿದ್ದಳು. ಅವಳಿಗೆ ಗಾಜಿನಲ್ಲೇ ದೋಷವಿರಬಹುದೆಂಬ ಅನುಮಾನ. ವಾಪಸು ಬಂದವಳ ಮುಖದಲ್ಲಿ ಸಿಟ್ಟು ಹಾಗೇ ಇತ್ತು, ಆದರೆ ಅದರ ಪಕ್ಕದಲ್ಲಿ ಕುತೂಹಲವೂ ಬಂದು ಕೂತಿತ್ತು. ಇಪ್ಪತ್ತೆರಡು ವರ್ಷ ಅವಳನ್ನು ಈ ಕೆಸರಿಗೆ ಎಳೆದು ತಂದದ್ದು ಅದೇ.

"ಮಧ್ಯದಲ್ಲಿ ಕಪ್ಪಗಿರುತ್ತಾ?"

"ಇಲ್ಲ. ಕೆಸರೇ ಇರುತ್ತೆ."

"ಇಲ್ಲದ ಕೆಸರು?"

"ಹೂಂ. ಸುತ್ತ ಏನಿರುತ್ತೋ ಅದೇ ಬಂದು ತುಂಬಿಕೊಳ್ಳುತ್ತೆ."

"ಎಡಗಣ್ಣು ಮುಚ್ಚು. ನನ್ನ ನೋಡು. ನೇರವಾಗಿ ನೋಡೋ, ಓರೆಗಣ್ಣು ಬೇಡ."

ಅವನು ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ನೋಡಿದ. ಹುಲ್ಲಿನ ಟೋಪಿ ಇತ್ತು. ಗದ್ದದ ಕೆಳಗಿನ ದಾರದ ಗಂಟು ಇತ್ತು. ನಡುವೆ ಜೊಂಡಿನ ಹಸಿರು, ಸಂಜೆಯ ಬೆಳಕು ಬಿದ್ದ ಹಸಿರು, ಅಲುಗುತ್ತಿತ್ತು.

"ಏನು ಕಾಣುತ್ತೆ?"

"ಟೋಪಿ."

"ಮುಖ?"

ಅವಳು ಬಗ್ಗಿ ಅವನ ಮುಖದ ಹತ್ತಿರಕ್ಕೆ ಬಂದಳು. ಹತ್ತಿರ ಬಂದಷ್ಟೂ ಅಂಚಿನಿಂದ ಮೊದಲು ಕಿವಿ, ಆಮೇಲೆ ಕೆನ್ನೆಯ ಸುಕ್ಕು ಮೂಡಿದವು. "ಎರಡೂ ಕಣ್ಣು ತೆರೆದೇ ನನ್ನ ನೋಡ್ತಿದ್ದೆಯಲ್ಲ ಇಷ್ಟು ದಿನ" ಎಂದಳು ಮೆಲ್ಲಗೆ. "ಆಗಲೂ ಇಷ್ಟೇ ಕಂಡಿದ್ದು ನಿಂಗೆ." ಅದು ಬೈಗುಳವೋ ಅಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಅವಳು ಸೊಂಟ ನೆಟ್ಟಗೆ ಮಾಡಿಕೊಂಡಳು. "ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗು. ಎಡಗಣ್ಣಾದ್ರೂ ಉಳೀಬೇಕು. ಕಚೇರಿಗೆ ಕಾಗದ ಬರಿ, ಎರಡು ವರ್ಷದ್ದೂ, ಒಂದೊಂದು ತಾರೀಕಿನದೂ. ನನ್ನ ಚೀಟಿಗಳು ಇದಾವಾ?"

"ಇದಾವೆ. ಯಾವುದನ್ನೂ ಎಸೆದಿಲ್ಲ."

"ಈ ವರ್ಷದ ನಾಲ್ಕನ್ನೂ ನಾನೇ ತಿದ್ದಿಕೊಡ್ತೀನಿ. ಆ ಸುಳ್ಳು ನಂದು. ಆಮೇಲೆ ನನ್ನ ತಂಗಿ ಮಗಳ ಮನೆಗೆ ಹೋಗಿ ನೀನೇ ಹೇಳಬೇಕು. ನಾನು ಬರಲ್ಲ ಜೊತೆಗೆ. ಒಬ್ಬನೇ ಹೋಗಿ, ನಿಂತ್ಕೊಂಡು ಹೇಳು."

"ಆಗಲಿ."

"ಕ್ಷಮಿಸಿದೀನಿ ಅಂದ್ಕೋಬೇಡ ಮತ್ತೆ."

"ಅಂದ್ಕೊಳ್ಳಲ್ಲ."

ಆಗ ಜೊಂಡಿನಿಂದ ಒಂದು ಕೂಗು ಎದ್ದಿತು. ಚಾಣವನ್ನು ಕಂಡಾಗಿನ ಚೀರಾಟವಲ್ಲ. ಮೊದಲು ಒಂದೇ ಹಕ್ಕಿ, ಆಮೇಲೆ ನಾಲ್ಕಾರು, ಆಮೇಲೆ ಇಡೀ ಹುಲ್ಲೇ ಮಾತನಾಡಿಕೊಂಡ ಹಾಗೆ. ಇಬ್ಬರೂ ಆ ಕಡೆ ತಿರುಗಿದರು. ವರ್ಷಕ್ಕೆ ಮೂರು ನಾಲ್ಕು ಸಂಜೆ ಮಾತ್ರ ಕೇಳುವ ಕೂಗು. ತುಂಬುಭರತದ ನೀರಿನ ಆಚೆ ಒಂದು ಹಿಂಡು ಮೇಲೆದ್ದು, ಕೆಳಗಿಳಿಯದೆ, ತೊರೆಯ ಮೇಲೆ ಒಂದು ಸುತ್ತು ಹಾಕಿ ಎತ್ತರಕ್ಕೆ ಏರಿತು. ಇನ್ನೊಂದು ಸುತ್ತು. ಗೊಂದಲದಲ್ಲಿದ್ದದ್ದು ನಿಧಾನವಾಗಿ ಒಂದು ಬಾಗಿದ ಗೆರೆಯಾಯಿತು. ಗೆರೆಯ ಮೂತಿ ಉತ್ತರಕ್ಕೆ ತಿರುಗಿತು. ಇನ್ನು ನಿಲ್ಲುವುದಿಲ್ಲ ಅವು. ನೂರಾರು ಹರದಾರಿ, ಹಗಲು ರಾತ್ರಿ.

"ಎಣಿಸು" ಎಂದಳು ಲೆಟಿ. "ತಲೆ ಮೇಲೇ ಬರ್ತಿದಾವೆ. ಎಣಿಸೋ!"

ಅವನು ಬಲಗಣ್ಣು ಮುಚ್ಚಿ, ಕತ್ತು ಹಿಂದಕ್ಕೆ ಚಾಚಿ, ತುಟಿಯಲ್ಲೇ ಎಣಿಸಿದ. ಪಕ್ಕದಲ್ಲಿ ಅವಳ ಬೆರಳು ಗಾಳಿಯನ್ನು ಚುಚ್ಚುತ್ತಿತ್ತು. ಕೂಗು ತಲೆಯ ಮೇಲೆ ಹಾದು, ಪೈನ್ ಮರಗಳನ್ನು ದಾಟಿ, ತೆಳುವಾಗಿ, ಇದೆಯೋ ಇಲ್ಲವೋ ಎಂಬಷ್ಟಾಗಿ ಹೋಯಿತು. ಅವನು ಹೊಸ ಚೀಟಿ ತೆಗೆದು ತಾರೀಕು ಬರೆದ, ಹೊತ್ತು ಬರೆದ.

"ನಂದು ನಲವತ್ತೊಂದು" ಎಂದ.

"ನಂದು ನಲವತ್ತನಾಲ್ಕು."

ಪೆನ್ಸಿಲು ಕಾಗದದ ಮೇಲೆ ನಿಂತಿತು. "ಯಾವುದು ಬರೀಲಿ?"

"ಎರಡೂ. ನಿಂದು ನಿನ್ನ ಹೆಸರಿನ ಮುಂದೆ, ನಂದು ನನ್ನ ಹೆಸರಿನ ಮುಂದೆ."

ಬೆಳಕು ಕಡಿಮೆಯಾಗಿತ್ತು. ಅವನು ಚೀಟಿಯನ್ನು ಎಡಗಣ್ಣಿನ ಹತ್ತಿರಕ್ಕೆ ತಂದು, ಅವಳ ಹೆಸರು ಬರೆದು, ಅದರ ಮುಂದೆ ಒಂದು ನಾಲ್ಕು ಬರೆದ, ಇನ್ನೊಂದು ನಾಲ್ಕು ಬರೆದ. ಆ ಎರಡನೆಯ ನಾಲ್ಕಿನ ಬಾಲ ಮುಗಿಯುವವರೆಗೂ ಲೆಟಿ ಅವನ ಪೆನ್ಸಿಲಿನ ಮೊನೆಯಿಂದ ಕಣ್ಣು ತೆಗೆಯಲಿಲ್ಲ.